ಕ್ಷಮೆ ಕೇಳಬಾರದ ಆಟ

ಗಂಡಸರ ಹೆಸರುಗಳು ಒಂದು ಟೋಪಿಯಲ್ಲಿ, ಹೆಂಗಸರ ಹೆಸರುಗಳು ಇನ್ನೊಂದರಲ್ಲಿ. ಕಡಲಂಚಿನ ಕಿಲ್‌ಡೌನಿ ಊರಿನ ಗಾಲ್ಫ್ ಕ್ಲಬ್ಬಿನಲ್ಲಿ ಸೆಪ್ಟೆಂಬರ್ ತಿಂಗಳ ಜೋಡಿಯಾಟಕ್ಕೆ ಜೋಡಿ ಕಟ್ಟುವುದು ಹೀಗೆ. ಚೀಟಿಯಲ್ಲಿ ಯಾರಿಗೆ ಯಾರು ಬರುತ್ತಾರೋ ಅವರಿಬ್ಬರೂ ಒಂದೇ ಚೆಂಡನ್ನು ಸರದಿಯ ಮೇಲೆ ಹೊಡೆಯುತ್ತ ಹದಿನೆಂಟು ಕುಳಿ ಮುಗಿಸಬೇಕು. ಒಲ್ಲೆ ಅನ್ನುವಂತಿಲ್ಲ. ಒಂದು ವರ್ಷ ವಿಚ್ಛೇದನದ ಕಾಗದಕ್ಕೆ ಸಹಿ ಹಾಕಿ ನೇರವಾಗಿ ಬಂದಿದ್ದ ಗಂಡಹೆಂಡಿರನ್ನೂ ಆ ಟೋಪಿಗಳು ಜೋಡಿ ಮಾಡದೆ ಬಿಟ್ಟಿರಲಿಲ್ಲ.

ಇಶ್ಬೆಲ್ ರೆನ್ನಿ ಆ ಸಂಜೆ ಅಲ್ಲಿಗೆ ಹೋದದ್ದು ಆಡುವುದಕ್ಕಲ್ಲ, ಬೇಕರಿಯಿಂದ ಮಾಂಸದ ಕಡುಬಿನ ತಟ್ಟೆ ತಲುಪಿಸುವುದಕ್ಕೆ. ಅವಳು ಗಾಲ್ಫ್ ಕೋಲು ಮುಟ್ಟಿ ಹದಿನೈದು ತಿಂಗಳಾಗಿತ್ತು.

ಕಾರ್ಯದರ್ಶಿ ಅಬರ್‌ಕ್ರಾಂಬಿ ಕನ್ನಡಕ ಏರಿಸಿಕೊಂಡು ಚೀಟಿ ಬಿಡಿಸಿದರು. "ಲಾಕ್ಲನ್ ಗೆಡ್ಡೀಸ್." ಇನ್ನೊಂದು ಟೋಪಿಗೆ ಕೈ ಹಾಕಿದರು. ಚೀಟಿಯನ್ನು ಒಮ್ಮೆ ಓದಿದರು, ಇನ್ನೊಮ್ಮೆ ಓದಿದರು. "ಇಶ್ಬೆಲ್ ರೆನ್ನಿ."

ಗಲಗಲ ಅನ್ನುತ್ತಿದ್ದ ಕ್ಲಬ್ಬಿನ ಕೋಣೆ ತಟ್ಟನೆ ಸುಮ್ಮನಾಯಿತು. ಹೋದ ವರ್ಷ ಜೂನ್ ತಿಂಗಳಲ್ಲಿ ಲಾಕ್ಲನ್‌ನ ಕೆನ್ನೆಮೂಳೆ ಮುರಿದದ್ದು ಯಾರ ಚೆಂಡಿನಿಂದ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಇಶ್ಬೆಲ್‌ಳ ಕೈಯ ತಟ್ಟೆ ಓರೆಯಾಯಿತು. ಪಕ್ಕದಲ್ಲಿದ್ದ ಎಫೀ ಚಿಕ್ಕಮ್ಮ ಮೆಲ್ಲಗೆ, "ತಟ್ಟೆ ನೆಟ್ಟಗೆ ಹಿಡಿಯೇ. ಕಡುಬು ಬಿದ್ರೆ ಅದನ್ನೂ ನಿನ್ ತಲೆಗೇ ಕಟ್ತಾರೆ," ಎಂದಳು.

"ನನ್ ಹೆಸರು ಆ ಟೋಪಿಗೆ ಹೇಗೆ ಬಂತು?"

"ಕಾಲು ಬಂದು ನಡ್ಕೊಂಡು ಹೋಗ್ಲಿಲ್ಲ. ನಾನೇ ಹಾಕ್ದೆ."

ಲಾಕ್ಲನ್ ಕಿಟಕಿಯ ಹತ್ತಿರ ನಿಂತಿದ್ದ. ಎಡಗಣ್ಣಿನ ಕೆಳಗೆ ಗಾಯದ ಗೀರು, ಬಿಸಿಲಿಗೆ ಕಂದಿದ ಮುಖದಲ್ಲಿ ಅದೊಂದೇ ಬೆಳ್ಳಗೆ. ಅವನು ಅವಳನ್ನು ನೋಡಿ ಟೋಪಿಯ ಅಂಚು ಮುಟ್ಟಿದ. ಅದು ನಮಸ್ಕಾರವೋ, ಅಣಕವೋ, ಹೆದರಿಕೆಯೋ ಅವಳಿಗೆ ತಿಳಿಯಲಿಲ್ಲ. ಅವಳ ಹೆದರಿಕೆ ಮಾತ್ರ ಅವಳಿಗೆ ಚೆನ್ನಾಗಿ ತಿಳಿದಿತ್ತು.

ಆ ಜೋಡಿಯಾಟದಲ್ಲಿ ಇನ್ನೆರಡು ಪದ್ಧತಿಗಳಿವೆ. ಬೆಸ ಕುಳಿಗಳ ಮೊದಲ ಹೊಡೆತ ಗಂಡಸರದು, ಸಮ ಕುಳಿಗಳದು ಹೆಂಗಸರದು. ಒಬ್ಬರು ಮೊದಲ ಹೊಡೆತ ಹೊಡೆಯುವಾಗ ಜೊತೆಗಾರರು ಮುಂದೆ ಹೋಗಿ ಚೆಂಡು ಬೀಳುವ ಕಡೆ ನಿಂತಿರಬೇಕು, ಇಲ್ಲದಿದ್ದರೆ ಅಂಚಿನ ಮುಳ್ಳುಪೊದೆಗಳಲ್ಲಿ ಚೆಂಡು ಸಿಕ್ಕುವುದಿಲ್ಲ. ಲಾಕ್ಲನ್‌ಗೆ ಪೆಟ್ಟು ಬಿದ್ದದ್ದು ನಾಲ್ಕನೆಯ ಕುಳಿಯಲ್ಲಿ. ನಾಲ್ಕು ಸಮಸಂಖ್ಯೆ. ಮನೆಗೆ ನಡೆಯುವಾಗ ಇಶ್ಬೆಲ್ ಅದನ್ನು ಹತ್ತು ಸಲ ಎಣಿಸಿದಳು. ಎಷ್ಟು ಸಲ ಎಣಿಸಿದರೂ ಬೆಸವಾಗಲಿಲ್ಲ.

*

ಇಶ್ಬೆಲ್ ಕುಳ್ಳಿ. ಚಿಕ್ಕಂದಿನಿಂದಲೂ ಅವಳಿಗೊಂದು ನಂಬಿಕೆ: ಕೋಲನ್ನು ಎಷ್ಟು ಹಿಂದಕ್ಕೆ ಒಯ್ದರೆ ಚೆಂಡು ಅಷ್ಟು ಮುಂದಕ್ಕೆ ಹೋಗುತ್ತದೆ. ಹಾಗೆ ಒಯ್ದು ಒಯ್ದು, ಕೋಲು ತಲೆಯ ಮೇಲಿಂದ ಬೆನ್ನ ಹಿಂದಕ್ಕೆ ಇಳಿದು, ಅದರ ತುದಿ ಎಡಗಣ್ಣಿನ ಓರೆಗೆ ಕಾಣುವಷ್ಟು ಉದ್ದವಾಗಿತ್ತು ಅವಳ ಬ್ಯಾಕ್‌ಸ್ವಿಂಗ್. ಒಂದೊಂದು ದಿನ ಹೊಡೆತ ಅದ್ಭುತ. ಒಂದೊಂದು ದಿನ ಚೆಂಡು ಎಲ್ಲಿಗೆ ಹೋಗುತ್ತದೆಂದು ಆ ದೇವರಿಗೂ ಗೊತ್ತಾಗುತ್ತಿರಲಿಲ್ಲ. ಅತಿಯಾದರೆ ಅಮೃತವೂ ವಿಷ ಅನ್ನುವ ಮಾತು ಅವಳಿಗೆ ತಡವಾಗಿ ಅರ್ಥವಾಯಿತು.

ಆ ಜೂನ್‌ನಲ್ಲಿ ನಾಲ್ಕನೆಯ ಕುಳಿಯಲ್ಲಿ ಅವಳು ಇನ್ನೂ ಒಂದು ಗೇಣು ಹಿಂದಕ್ಕೆ ಎಳೆದಳು. ಚೆಂಡು ಬಲಕ್ಕೆ ಸಿಡಿದು ದಿಣ್ಣೆಯ ಆಚೆ ಹೋಯಿತು. ಅಲ್ಲಿ ಮರಳುಗುಂಡಿಯಲ್ಲಿ, ಕ್ಲಬ್ಬಿನ ಮೈದಾನದ ಹುಲ್ಲು ನೋಡಿಕೊಳ್ಳುವ ಲಾಕ್ಲನ್ ಬಗ್ಗಿ ಮರಳು ಸಮ ಮಾಡುತ್ತಿದ್ದ.

ಚೆಂಡು ಅಡ್ಡ ಹೋದರೆ ಮುಂದಿರುವವರಿಗೆ ಎಚ್ಚರಿಕೆಯಾಗಿ "ಫೋರ್" ಎಂದು ಕಿರುಚಬೇಕು. ಆ ಊರಿನ ಮಕ್ಕಳು ಅಮ್ಮ ಅನ್ನುವುದರ ಹಿಂದೆಯೇ ಕಲಿಯುವ ಮಾತು ಅದು. ದಿಣ್ಣೆಯ ಅಂಚಿನ ಮೇಲೆ, ಬಿಸಿಲಿನಲ್ಲಿ, ಅವನ ಟೋಪಿ ಅವಳಿಗೆ ಕಂಡಿತ್ತು. ಕಿರುಚಲು ಬಾಯಿ ತೆರೆದಳು, ಗಂಟಲು ಕಟ್ಟಿತು. ಸ್ವರ ಹೊರಡಲಿಲ್ಲ.

ಕೂಗಿರುತ್ತಾಳೆ, ಗಾಳಿಯಲ್ಲಿ ಹಾರಿಹೋಗಿರುತ್ತದೆ ಎಂದು ಊರೇ ಅಂದುಕೊಂಡಿತು. ಅವಳು ಅಲ್ಲ ಅನ್ನಲಿಲ್ಲ. ಹದಿನೈದು ತಿಂಗಳಿಂದ ಆ ಒಂದು ಮಾತು ಬಿಸಿ ತುಪ್ಪದ ಹಾಗೆ ಅವಳ ಗಂಟಲಿನಲ್ಲಿತ್ತು, ನುಂಗಲೂ ಆಗದೆ ಉಗುಳಲೂ ಆಗದೆ. ಲಾಕ್ಲನ್ ಅಂದರೆ ಅವಳಿಗೆ ಮೊದಲಿನಿಂದಲೂ ಏನೋ ಇತ್ತು ಅನ್ನುವುದು ಆ ತುಪ್ಪವನ್ನು ಇನ್ನಷ್ಟು ಬಿಸಿ ಮಾಡಿತ್ತು.

*

ಮಾರನೆಯ ಬೆಳಗ್ಗೆ ಆರೂವರೆಗೆ ಬೇಕರಿಯ ಬಾಗಿಲಿನ ಗಂಟೆ ಅಲ್ಲಾಡಿತು. ಆ ಹೊತ್ತಿಗೆ ಬರುವವನು ಒಬ್ಬನೇ. ಇಶ್ಬೆಲ್ ಎಂದಿನಂತೆ ಒಲೆಯ ಹಿಂದೆ ಸರಿದುಕೊಂಡಳು.

"ನಾಲ್ಕು ಬನ್ನು ಕೊಡಿ ಎಫೀ," ಲಾಕ್ಲನ್‌ನ ದನಿ. "ಬುಟ್ಟೀಲಿರೋದು ಬೇಡ. ಈಗ ಒಲೆಯಿಂದ ತೆಗೀತಾರಲ್ಲ, ಅದು."

"ಒಂಟಿ ಗಂಡಸು ನಾಲ್ಕು ಬನ್ನು ಏನ್ ಮಾಡ್ತೀಯಪ್ಪ?"

"ಎರಡು ನಂಗೆ. ಎರಡು ಕಡಲಕ್ಕಿಗೆ."

"ಕಡಲಕ್ಕೀಗೂ ಬಿಸೀದೇ ಬೇಕಾ?" ಚಿಕ್ಕಮ್ಮ ಸೊಂಟಕ್ಕೆ ಏಪ್ರನ್ ಬಿಗಿದುಕೊಂಡು ಗಟ್ಟಿಯಾಗಿ ಹೇಳಿದಳು, "ನಂಗೆ ಮಂಡಿನೋವು. ನೀನೇ ಒಳಗೆ ಹೋಗಿ ಇಸ್ಕೋ."

ಓಡಿಹೋಗಲು ಹಿಂಬಾಗಿಲು ಇರಲಿಲ್ಲ. ಉದ್ದ ಹಿಡಿಯ ಹಲಗೆಯನ್ನು ಒಲೆಯೊಳಗೆ ತಳ್ಳಿ ಬನ್ನುಗಳನ್ನು ಎಳೆಯುತ್ತ ಇಶ್ಬೆಲ್ ಬೆನ್ನು ಮಾಡಿಯೇ ನಿಂತಳು. ಅವಳು ಒಂದು ಸಾಲು ತೆಗೆದಳು, ಇನ್ನೊಂದು ಸಾಲು ತೆಗೆದಳು. ಅವನು ಅವಳ ಕೈಯನ್ನೇ ನೋಡುತ್ತಿದ್ದಾನೆಂದು ತಿಳಿದು ಅವಳ ಕತ್ತು ಬೆಚ್ಚಗಾಯಿತು.

"ಆ ಹಿಡಿ ಹಿಂದಿನ ಗೋಡೆಗೆ ಒಂದ್ಸಲಾನೂ ತಾಗಲ್ಲ," ಅಂದ ಅವನು.

"ಏನು?"

"ಮಾರುದ್ದ ಇದೆ ಹಿಡಿ. ನಿಮ್ ಬೆನ್ನಿಗೂ ಗೋಡೆಗೂ ಇರೋದು ಒಂದೂವರೆ ಮೊಳ. ಆದ್ರೂ ಗೋಡೆ ಮೇಲೆ ಒಂದು ಗೀರಿಲ್ಲ. ಕೈಗೆ ಗೊತ್ತು, ಎಲ್ಲಿ ನಿಲ್ಲಿಸ್ಬೇಕು ಅಂತ."

ಅವಳು ತಿರುಗಿದಳು. ಇಷ್ಟು ಹತ್ತಿರದಿಂದ ಆ ಗೀರನ್ನು ಅವಳು ಎಂದೂ ದಿಟ್ಟಿಸಿ ನೋಡಿರಲಿಲ್ಲ. "ಲಾಕ್ಲನ್, ನೀವು ಅಬರ್‌ಕ್ರಾಂಬಿಯವರಿಗೆ ಹೇಳಿ. ಬೇರೆ ಯಾರನ್ನಾದ್ರೂ ಹಾಕ್ಲಿ. ನಂಗೆ ಆಗಲ್ಲ."

"ಆಗಲ್ವೋ, ಹೆದ್ರಿಕೆಯೋ?"

"ಹೆದ್ರಿಕೆ. ನಿಮಗಿಲ್ವಾ?"

ಅವನು ಒಂದು ಬನ್ನನ್ನು ಕೈಯಿಂದ ಕೈಗೆ ಬದಲಿಸಿದ, ಸುಡುತ್ತಿತ್ತು. "ಇದೆ. ಯಾರಾದ್ರೂ ಕೋಲು ಎತ್ತಿದ್ರೆ ಸಾಕು, ಈಗ್ಲೂ ತಲೆ ತಗ್ಗಿಸ್ತೀನಿ. ಹುಲ್ಲು ಕತ್ತರಿಸೋನು ತಲೆ ತಗ್ಗಿಸ್ಕೊಂಡೇ ಇರ್ತಾನೆ ಅಂತ ಯಾರೂ ಗಮನಿಸಿಲ್ಲ ಅಷ್ಟೆ." ಬನ್ನನ್ನು ಕೆಳಗಿಡುತ್ತ ಹೇಳಿದ, "ಇನ್ನೂ ಹನ್ನೊಂದು ದಿನ ಇದೆ. ಮೂರು ಗಂಟೆಗೆ ಬೇಕರಿ ಮುಚ್ತೀರಿ, ನನ್ ಕೆಲ್ಸಾನೂ ಮುಗೀತದೆ. ಹುಲ್ಲು ಕತ್ತರಿಸೋ ಮೆಷಿನ್ ಇಡೋ ಶೆಡ್ಡಿನ ಹಿಂದೆ ಜಾಗ ಇದೆ, ಜನ ಇರಲ್ಲ. ಬರ್ತೀರಾ?"

ಅವನು ಹೋದ ಮೇಲೆ ಚಿಕ್ಕಮ್ಮ ಒಳಗೆ ಇಣುಕಿದಳು. "ಹದಿನೈದು ತಿಂಗಳಿಂದ ಬಿಸಿ ಬನ್ನು, ಬಿಸಿ ಬನ್ನು ಅಂತ ಬಡ್ಕೊಳ್ತಿದಾನೆ. ಒಳಗಿಂದ ಯಾರು ತಂದ್ಕೊಡ್ತಾರೆ ನೋಡೋಣ ಅಂತ ಕಣೇ. ನೀನು ನೋಡಿದ್ರೆ ಬೆಕ್ಕಿನ ಹಾಗೆ ಒಲೆ ಹಿಂದೆ."

"ಮಂಡಿನೋವು ಯಾವಾಗಿಂದ ನಿಂಗೆ?"

"ಇವತ್ತು ಬೆಳಗ್ಗೆಯಿಂದ."

*

ಶೆಡ್ಡಿನ ಹಿಂದಿನ ಹುಲ್ಲು ಸಮುದ್ರದ ಕಡೆಗೆ ಇಳಿಜಾರು. ಮೊದಲ ದಿನ ಅವಳು ಕೋಲು ಹಿಡಿದು ಚೆಂಡಿಗಾಗಿ ಸುತ್ತ ನೋಡಿದಳು.

"ಚೆಂಡು ಇಲ್ಲ," ಎಂದ ಲಾಕ್ಲನ್. "ನಾಲ್ಕು ದಿನ ಚೆಂಡೇ ಇಲ್ಲ. ಎತ್ತೋದು, ನಿಲ್ಸೋದು. ಅಷ್ಟೆ."

ಅವನು ಮರಳು ಕೆದರುವ ಕುಂಟೆ ತಂದು, ಅವಳ ಬೆನ್ನ ಹಿಂದೆ ದೂರ ನಿಂತು, ಅದರ ಉದ್ದನೆಯ ಹಿಡಿಯನ್ನು ಅವಳ ಎಡಭುಜದ ಮೇಲ್ಗಡೆ ಅಡ್ಡ ಹಿಡಿದ. "ಇದು ನಿಮ್ ಬೇಕರಿ ಗೋಡೆ. ತಾಗಿಸ್ಬೇಡಿ."

ಅವಳು ಎತ್ತಿದಳು. ಟಕ್.

"ಸಾರಿ," ಎಂದಳು.

ಮತ್ತೆ ಎತ್ತಿದಳು. ಟಕ್. "ಸಾರಿ."

"ಆ ಮಾತು ಬಿಡಿ. ಜೋಡಿಯಾಟದ ದಿನ ಗೇಟಿನೊಳಗೆ ಜೊತೆಗಾರನಿಗೆ ಸಾರಿ ಅಂದ್ರೆ ಆ ಕುಳಿ ಸೋತ ಹಾಗೆ. ಮರೆತ್ರಾ?"

ಇಶ್ಬೆಲ್ ಮರೆತಿರಲಿಲ್ಲ. ಕಿಲ್‌ಡೌನಿಯ ಹಳೆಯ ಕಟ್ಟಳೆ ಅದು. ಒಬ್ಬರ ತಪ್ಪಿನ ಮೇಲೆ ಇನ್ನೊಬ್ಬರು ಹೊಡೆಯಬೇಕಾದ ಆಟದಲ್ಲಿ ಹೆಜ್ಜೆಗೊಂದು ಕ್ಷಮೆ ಕೇಳುತ್ತ ಹೋದರೆ ಊಟದ ಹೊತ್ತಿಗೂ ಆಟ ಮುಗಿಯುವುದಿಲ್ಲ ಎಂದು ಯಾರೋ ಅಜ್ಜನ ಕಾಲದಲ್ಲಿ ಮಾಡಿದ್ದು. ಜಗತ್ತಿನಲ್ಲಿ ಅವಳು ಕ್ಷಮೆ ಕೇಳಬೇಕಾಗಿದ್ದದ್ದು ಒಬ್ಬನನ್ನೇ. ಅವನನ್ನು ಕೇಳಲೇಬಾರದ ಆಟಕ್ಕೆ ಅವನೇ ಜೊತೆಗಾರ.

ಎಲ್ಲಿ ತಪ್ಪುತ್ತದೆಂದು ಅವನಿಗೆ ಮೊದಲೇ ಗೊತ್ತಿತ್ತು. ಎಷ್ಟೋ ವರ್ಷ ಅವಳು ಕಿತ್ತುಹಾಕಿದ ಹುಲ್ಲನ್ನು ಅವನೇ ಮುಚ್ಚಿದ್ದಾನೆ. "ಒಂದು ದಿನ ಚೆಂಡಿಗಿಂತ ಗೇಣು ಹಿಂದೆ ಮಣ್ಣು ಎದ್ದಿರ್ತಿತ್ತು, ಒಂದು ದಿನ ಹುಲ್ಲಿಗೆ ಉಗುರು ತಾಗಿರ್ತಿರ್ಲಿಲ್ಲ. ಒಬ್ಬರೇ ಹೊಡೆದದ್ದು ಅಂತ ಯಾರೂ ನಂಬಲ್ಲ. ಮೇಲೆ ಹೋದಾಗ ನಿಮ್ ಎಡಗೈಯ ಕೊನೇ ಮೂರು ಬೆರಳು ಬಿಟ್ಕೊಳ್ತವೆ. ಮೊಣಕೈ ಮಡಚ್ಕೊಳ್ತದೆ. ಅಲ್ಲಿಂದ ವಾಪಸ್ ಬರೋಕೆ ಅವಸರ. ಅವಸರದಲ್ಲಿ ಪ್ರತಿ ಸಲ ಬೇರೆ ದಾರಿ."

"ಅಂದ್ರೆ ಬೆರಳು ಬಿಡ್ಬಾರ್ದು."

"ಬಿಡ್ಬಾರ್ದು. ಕೈಯಲ್ಲಿ ಎತ್ಬೇಡಿ, ಎದೆ ತಿರುಗಿಸಿ. ಎಡಭುಜ ಗಲ್ಲದ ಕೆಳಗೆ ಬಂತಾ, ಅಲ್ಲಿಗೆ ಸಾಕು."

"ಇದು ಅರ್ಧಾನೂ ಆಗ್ಲಿಲ್ಲ."

"ನಿಮಗೆ ಅರ್ಧ ಅನ್ಸೋದೇ ಪೂರ್ತಿ."

ಹೀಗೆ ಹೇಳಿ ಅವನು ಯಾಕೋ ಕೆಂಪಗಾದ. ಅವಳು ಕೋಲಿನ ತುದಿಯಿಂದ ಹುಲ್ಲು ಕೆದರಿದಳು.

ಟಕ್, ಟಕ್, ಟಕ್. ಮೊದಲ ದಿನ ಅರವತ್ತು ಸಲ ಎತ್ತಿದರೆ ಐವತ್ತೈದು ಸಲ ಸದ್ದು. ಎರಡನೆಯ ದಿನ ಮೂವತ್ತು. ನಾಲ್ಕನೆಯ ದಿನ, ಮಳೆ ಹನಿಯುತ್ತಿದ್ದಾಗ, ಹತ್ತು ಸಲ ಒಟ್ಟಿಗೆ ಸದ್ದೇ ಆಗಲಿಲ್ಲ. ಅವಳು ನಗುತ್ತ ತಿರುಗಿದಳು. ಅವನೂ ನಗುತ್ತಿದ್ದ, ಕುಂಟೆ ಹಿಡಿದ ಕೈ ಬೆಳ್ಳಗಾಗಿತ್ತು. ಅವಳು ಒಂದೊಂದು ಸಲ ಕೋಲು ಎತ್ತಿದಾಗಲೂ ಅವನು ಎಷ್ಟು ಗಟ್ಟಿಯಾಗಿ ಹಿಡಿದು ನಿಂತಿದ್ದನೆಂದು ಅವಳಿಗೆ ಆಗ ಗೊತ್ತಾಯಿತು.

ಆ ದಿನ ಶೆಡ್ಡಿನ ಕಡೆಗೆ ಹಿಂತಿರುಗುವಾಗ ಅವಳು ಅವನ ಎಡಗಡೆ ನಡೆಯುತ್ತಿದ್ದಳು. "ನಾಳೆ ಚೆಂಡು ಇಡ್ತೀರಾ?" ಎಂದಳು. ಅವನು ಸುಮ್ಮನೆ ನಡೆದ. "ಲಾಕ್ಲನ್, ನಾಳೆ ಚೆಂಡು?" ಅವನು ಮೋಡ ನೋಡುತ್ತಿದ್ದ. ಅವಳಿಗೆ ಅವಮಾನವಾಯಿತು. ಮರುಕ್ಷಣ ಅವಮಾನ ಕರಗಿ ಬೇರೇನೋ ಆಯಿತು. ಅವಳು ನಿಂತಳು. ಅವನು ನಾಲ್ಕು ಹೆಜ್ಜೆ ಹೋದ ಮೇಲೆ ಹಿಂತಿರುಗಿ ನೋಡಿದ.

ಅವಳು ಅವನ ಎಡಗಿವಿಯ ಹತ್ತಿರ ಬಂದು ಚಿಟಿಕೆ ಹೊಡೆದಳು. ಅವನ ರೆಪ್ಪೆಯೂ ಅಲ್ಲಾಡಲಿಲ್ಲ.

"ಎಷ್ಟು ದಿನದಿಂದ?" ಎಂದು ಬಲಗಡೆಗೆ ಬಂದು ಕೇಳಿದಳು.

"ಆ ದಿನದಿಂದ." ಅವನು ನಿಟ್ಟುಸಿರು ಬಿಟ್ಟ. "ಡಾಕ್ಟರ್ ಒಬ್ರಿಗೇ ಗೊತ್ತು. ಯಾರಿಗೂ ಹೇಳ್ಬೇಡಿ. ಗೊತ್ತಾದ್ರೆ ದೊಡ್ಡ ಮೆಷಿನ್ ಓಡ್ಸೋಕೆ ಬಿಡಲ್ಲ, ಶೆಡ್ಡಲ್ಲಿ ಕೂರಿಸ್ತಾರೆ."

"ಮಾರ್ಚ್‌ನಲ್ಲಿ ನಾನು ಇಲ್ಲಿಗೇ ಬಂದಿದ್ದೆ. ನೀವು ಬೇಲಿ ಸರಿ ಮಾಡ್ತಿದ್ರಿ. ಪಕ್ಕದಲ್ಲೇ ನಿಂತು ಕ್ಷಮಿಸಿ ಅಂದೆ. ನೀವು ನನ್ ಕಡೆ ನೋಡ್ದೆ ಸುತ್ತಿಗೆ ಎತ್ಕೊಂಡು ಹೋಗ್ಬಿಟ್ರಿ."

"ನೀನು ಯಾವ ಕಡೆ ನಿಂತಿದ್ದೆ?"

"ಸಮುದ್ರದ ಕಡೆ."

ಅವನು ಲೆಕ್ಕ ಹಾಕಿದ. ಬೇಲಿ, ಗಾಳಿ, ತಾನು ನಿಂತ ಭಂಗಿ: ಸಮುದ್ರ ಅವನ ಎಡಕ್ಕಿತ್ತು. "ಅಯ್ಯೋ ಹುಚ್ಚಿ," ಎಂದ ಮೆಲ್ಲಗೆ. "ಆರು ತಿಂಗಳಿಂದ ನನ್ನ ಕಲ್ಲುಹೃದಯದವನು ಅಂದ್ಕೊಂಡಿದ್ಯಾ?"

ಅವನು ನೀವು ಬಿಟ್ಟು ನೀನು ಅಂದದ್ದು ಅವಳಿಗೆ ಕೇಳಿಸಿತು. ಸಂತೋಷಪಡಬೇಕಾದ ಹೊತ್ತು. ಆದರೆ ಅವಳ ತಲೆಯಲ್ಲಿ ಓಡಿದ್ದು ಒಂದೇ: ನಾಲ್ಕನೆಯ ಕುಳಿಯಲ್ಲಿ ಇವನು ದಿಣ್ಣೆಯ ಮೇಲೆ ನಿಂತಿರುತ್ತಾನೆ. ನನ್ನ ಚೆಂಡು ಅಡ್ಡ ಹೋದರೆ, ಈ ಸಲ ನಾನು ಕೂಗಿದರೂ ಇವನಿಗೆ ಕೇಳಿಸುವುದಿಲ್ಲ. ಆ ರಾತ್ರಿ ಅವಳು ಊಟ ಬಿಟ್ಟಳು. ಚಿಕ್ಕಮ್ಮ ಕೇಳಿದರೆ ಹಸಿವಿಲ್ಲ ಅಂದಳು.

*

ಆಟದ ಶನಿವಾರ ಬೆಳಗ್ಗೆ ಸಮುದ್ರದಿಂದ ಮಂಜು ಎದ್ದು ಬಂದಿತ್ತು. ಒಂಬತ್ತಕ್ಕೆ ಸ್ವಲ್ಪ ಬಿಟ್ಟಿತು, ಪೂರ್ತಿ ಬಿಡಲಿಲ್ಲ. ಎದುರಾಳಿಗಳು ಅಂಚೆಯ ಡಾಡ್ ಮತ್ತು ಶಾಲೆಯ ಮೊರಾಗ್ ಟೀಚರ್. ಎಫೀ ಚಿಕ್ಕಮ್ಮ ಇಶ್ಬೆಲ್‌ಳ ಕೋಲಿನ ಚೀಲವಿದ್ದ ಗಾಡಿ ಎಳೆಯುತ್ತಿದ್ದಳು, ಮಂಡಿನೋವಿನ ಸುಳಿವಿಲ್ಲ.

ಎರಡನೆಯ ಕುಳಿಯಲ್ಲಿ ಇಶ್ಬೆಲ್‌ಳ ಹೊಡೆತ ತಗ್ಗಿನಲ್ಲೇ ಉರುಳಿ ಅರ್ಧ ದಾರಿಗೆ ನಿಂತಿತು. "ಸಾ..." ಅಂದವಳು ಬಾಯಿ ಮುಚ್ಚಿಕೊಂಡಳು. ದೂರದಲ್ಲಿ ನಿಂತಿದ್ದ ಲಾಕ್ಲನ್ ಬೆರಳು ಆಡಿಸಿ ಎಚ್ಚರಿಸಿದ.

"ಹೇಳ್ಬಿಡು ಇಶ್ಬೆಲ್," ಡಾಡ್ ಕೆಣಕಿದ. "ಒಂದು ಸಾರಿ ಹೇಳಿದ್ರೆ ನಮಗೊಂದು ಕುಳಿ ಬಿಟ್ಟಿ."

ಮೂರನೆಯದು ಹೇಗೋ ಮುಗಿಯಿತು. ನಾಲ್ಕನೆಯದರ ಮೊದಲ ಹೊಡೆತಕ್ಕೆ ಕಟ್ಟೆ ಹತ್ತಿ ಅವಳು ಸುತ್ತ ನೋಡಿದಳು. ಎಡಕ್ಕೆ ಮುಳ್ಳುಪೊದೆ, ಬಲಕ್ಕೆ ದಿಣ್ಣೆ, ಅದರಾಚೆ ಆ ಮರಳುಗುಂಡಿ. ಲಾಕ್ಲನ್ ಮುಂದೆ ಹೊರಟ.

"ಹೋಗ್ಬೇಡ," ಅಂದಳು ಅವನ ಬಲಗಡೆಗೆ ಬಂದು, ಯಾರಿಗೂ ಕೇಳದ ಹಾಗೆ. "ಚೆಂಡು ಕಳೆದ್ರೆ ಕಳೀಲಿ. ಇಲ್ಲೇ ನನ್ ಹಿಂದೆ ನಿಂತ್ಕೋ."

"ಅಲ್ಲಿ ನಿಲ್ಲೋಕೆ ನಂಗೂ ಹದಿನೈದು ತಿಂಗಳಿಂದ ಆಗ್ತಿಲ್ಲ, ಇಶ್ಬೆಲ್. ಆ ಗುಂಡೀನ ಬೇರೆಯವರ ಕೈಲಿ ಕೆದರಿಸ್ತೀನಿ." ಅವನು ದಿಣ್ಣೆಯ ಕಡೆ ನೋಡಿದ. "ಇವತ್ತು ನಿಲ್ದಿದ್ರೆ ಇನ್ಯಾವತ್ತೂ ಆಗಲ್ಲ. ಬೇರೆ ಯಾರ ಚೆಂಡಿಗೂ ನಿಲ್ಲೋಕೆ ನಂಗೆ ಇಷ್ಟ ಇಲ್ಲ."

"ತಾಗಿದ್ರೆ?"

"ಗೋಡೆ ಇದೆ ನಿನ್ ಹಿಂದೆ. ಮರೀಬೇಡ."

ಅವನು ನಡೆದು ಹೋದ. ಮಂಜಿನಲ್ಲಿ ಚಿಕ್ಕದಾಗುತ್ತ ಹೋಗಿ ದಿಣ್ಣೆಯ ಮೇಲೆ ನಿಂತು, ಅವಳ ಕಡೆಗೆ ನೇರ ಮುಖ ಮಾಡಿದ. ಟೋಪಿ ತೆಗೆದು ಕೈಯಲ್ಲಿ ಹಿಡಿದ. ಹಾಗೆ ಹಿಡಿಯಬೇಕಾದ ಅಗತ್ಯವಿರಲಿಲ್ಲ. ತಾನು ಅಲ್ಲಿರುವುದು ಅವಳಿಗೆ ಚೆನ್ನಾಗಿ ಕಾಣಲಿ ಎಂದು ಹಾಗೆ ಮಾಡಿದನೋ ಏನೋ. ಇಶ್ಬೆಲ್‌ಗೆ ಕಂಡದ್ದು ಬರಿತಲೆ ಮಾತ್ರ.

ಅವಳು ಚೆಂಡಿಟ್ಟಳು. ಅದು ಜಾರಿ ಬಿತ್ತು. ಮತ್ತೆ ಇಟ್ಟಳು. ಮೊರಾಗ್ ಟೀಚರ್ ಕೆಮ್ಮಿದರು. ಹಾವು ಕಚ್ಚಿದವನಿಗೆ ಹಗ್ಗ ಕಂಡರೂ ಭಯ ಅನ್ನುತ್ತಾರೆ, ಇಲ್ಲಿ ಹಾವೇ ಅವಳ ಕೈಯಲ್ಲಿತ್ತು.

"ಇಶ್ಬೆಲ್," ಚಿಕ್ಕಮ್ಮ ತಗ್ಗಿದ ದನಿಯಲ್ಲಿ ಹೇಳಿದಳು, "ಒಲೆಯಲ್ಲಿ ಬನ್ನು ಸೀಯ್ತಿದೆ ಅಂದ್ಕೋ. ತೆಗಿ."

ಮೂರು ಬೆರಳು ಮುಚ್ಚಿದಳು. ಎದೆ ತಿರುಗಿಸಿದಳು. ಕೈ ಇನ್ನೂ ಹಿಂದಕ್ಕೆ ಹೋಗಲು ಬೇಡಿಕೊಂಡಿತು, ಹಳೆಯ ಚಾಳಿ, ಇನ್ನೊಂದು ಗೇಣು, ಇನ್ನೊಂದೇ ಗೇಣು. ಗಲ್ಲದ ಕೆಳಗೆ ಭುಜ ಬಂತು. ಬೆನ್ನ ಹಿಂದೆ ಗೋಡೆ ಇತ್ತು. ಅವಳು ನಿಲ್ಲಿಸಿದಳು. ಅರ್ಧವೂ ಆಗಿಲ್ಲ ಅನ್ನಿಸಿತು. ಅಷ್ಟಕ್ಕೇ ಬಿಟ್ಟು ಹೊಡೆದಳು.

ಸದ್ದು ಬಂತು. ಎಷ್ಟೋ ದಿನದಿಂದ ಕೇಳದ ಸದ್ದು, ಒಣಕಟ್ಟಿಗೆ ಒಂದೇ ಏಟಿಗೆ ಸೀಳಿದ ಹಾಗೆ. ಚೆಂಡು ನೇರವಾಗಿ ನಡುದಾರಿಯ ಮೇಲೆ ಹಾರಿತು.

ಅದು ಗಾಳಿಯಲ್ಲಿರುವಾಗಲೇ ಇಶ್ಬೆಲ್ ಬಾಯಿ ತೆರೆದು, ಎದೆಯ ಆಳದಿಂದ, "ಫೋರ್" ಎಂದು ಕಿರುಚಿದಳು. ಕಡಲಕ್ಕಿಗಳು ಹಾರಿಹೋದವು. ಪಕ್ಕದ ಕುಳಿಯಲ್ಲಿದ್ದ ನಾಲ್ವರು ತಲೆಯ ಮೇಲೆ ಕೈಯಿಟ್ಟುಕೊಂಡು ಕುಕ್ಕರಿಸಿದರು.

ಚೆಂಡು ಲಾಕ್ಲನ್‌ನಿಂದ ಇಪ್ಪತ್ತು ಗಜ ಎಡಕ್ಕೆ, ಸಣ್ಣ ಹುಲ್ಲಿನ ಮೇಲೆ ಬಿದ್ದು, ಎರಡು ಸಲ ಪುಟಿದು ನಿಂತಿತು.

"ಅಲ್ಲ ಕಣಮ್ಮ," ಡಾಡ್ ಎದೆ ಹಿಡಿದುಕೊಂಡು ಹೇಳಿದ, "ನೇರ ಹೋದ ಚೆಂಡಿಗೆ ಯಾರಾದ್ರೂ ಕೂಗ್ತಾರಾ?"

"ಇದು ಹಳೇ ಬಾಕಿ," ಎಂದಳು ಇಶ್ಬೆಲ್. ಅವಳ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಯಾರಿಗೂ ಅರ್ಥವಾಗಲಿಲ್ಲ.

ದಿಣ್ಣೆಯ ಮೇಲೆ ಲಾಕ್ಲನ್ ತಲೆ ತಗ್ಗಿಸಿರಲಿಲ್ಲ. ಅವನು ಅವಳನ್ನೇ ನೋಡುತ್ತಿದ್ದ, ತುಂಬ ಹೊತ್ತು ನೋಡಿದ. ಆಮೇಲೆ ಟೋಪಿ ಹಾಕಿಕೊಂಡು ಚೆಂಡಿನ ಕಡೆ ಹೋಗಿ, ಮುಂದಿನ ಹೊಡೆತವನ್ನು ಸೀದಾ ಮುಳ್ಳುಪೊದೆಗೆ ಹಾಕಿದ. ಅವನು ಸಾರಿ ಅನ್ನಲು ಬಾಯಿ ತೆರೆದದ್ದನ್ನು ಕಂಡು ಇಶ್ಬೆಲ್ ಬೆರಳು ಆಡಿಸಿದಳು.

*

ಹದಿನೇಳನೆಯ ಕುಳಿ ಮುಗಿದಾಗ ಎದುರಾಳಿಗಳು ಎರಡು ಕುಳಿ ಮುಂದಿದ್ದರು, ಉಳಿದದ್ದು ಒಂದೇ ಕುಳಿ. ಅಲ್ಲಿಗೆ ಇಶ್ಬೆಲ್ ಜೋಡಿ ಸೋತಿತು. ಡಾಡ್ ಎಲ್ಲರ ಕೈಕುಲುಕಿ ಕುಡಿಯಲು ಓಡಿದ. ಇಶ್ಬೆಲ್ ಮತ್ತು ಲಾಕ್ಲನ್ ಗೇಟಿನವರೆಗೆ ನಡೆದರು. ಅವಳು ಅವನ ಬಲಗಡೆಯೇ ನಡೆದಳು. ಮಂಜು ಕರಗಿ ಬಿಸಿಲು ಬಂದಿತ್ತು. ಗೇಟು ದಾಟಿದ ಕೂಡಲೆ ಅವಳು ನಿಂತಳು.

"ಈಗ ಹೇಳ್ಬಹುದಲ್ಲ," ಎಂದಳು.

"ಹೇಳ್ಬಹುದು." ಅವನು ಸುತ್ತಿ ಬಂದು ಅವಳ ಇನ್ನೊಂದು ಪಕ್ಕ ನಿಂತ. ಎಡಗಿವಿ ಅವಳ ಕಡೆಗಿತ್ತು. "ಈ ಕಡೆ ಹೇಳು. ಪೆಟ್ಟು ತಿಂದದ್ದು ಇದು. ಇದಕ್ಕೇ ಸೇರ್ಬೇಕು."

ಅವಳು ತುದಿಗಾಲಲ್ಲಿ ನಿಂತು ಆ ಕಿವಿಗೆ ಬಾಯಿ ತಂದಳು. ಹದಿನೈದು ತಿಂಗಳ ಮಾತನ್ನು ಹೇಳಿದಳು. ನಾನು ಅವತ್ತು ಕೂಗಲಿಲ್ಲ, ನಿನ್ನ ಟೋಪಿ ಕಂಡಿತ್ತು, ಆದರೂ ಕೂಗಲಿಲ್ಲ, ಕ್ಷಮಿಸು ಎಂದಳು. ಕೇಳುವುದಿಲ್ಲವೆಂಬ ಧೈರ್ಯ ಬಂದು, ಹಿಂದೆಯೇ ಇನ್ನೊಂದು ಮಾತನ್ನೂ ಹೇಳಿದಳು. ಅದು ಹದಿನೈದು ತಿಂಗಳಿಗಿಂತ ಹಳೆಯದು.

ಲಾಕ್ಲನ್ ಅವಳ ಕಡೆ ತಿರುಗಿದ. "ಮೊದಲ್ನೇದು, ಕೂಗ್ಲಿಲ್ಲ ಅನ್ನೋದು. ಅಲ್ವಾ?"

ಅವಳು ಒಂದು ಹೆಜ್ಜೆ ಹಿಂದೆ ಸರಿದಳು. "ನಿಂಗೆ ಕೇಳಿಸ್ತಾ?"

"ಈಗ ಕೇಳಿಸ್ಲಿಲ್ಲ. ಅವತ್ತೂ ಕೇಳಿಸ್ಲಿಲ್ಲ." ಅವನು ಗೀರನ್ನು ಹೆಬ್ಬೆರಳಿನಿಂದ ಒರೆಸಿಕೊಂಡ. "ಅವತ್ತು ನಂಗೆ ಎರಡೂ ಕಿವಿ ಚೆನ್ನಾಗಿತ್ತು ಇಶ್ಬೆಲ್. ಕೂಗಿದ್ರೆ ಕೇಳ್ತಿತ್ತು."

ಅಂದರೆ ಅವನಿಗೆ ಮೊದಲ ದಿನದಿಂದಲೇ ಗೊತ್ತಿತ್ತು. ಆಸ್ಪತ್ರೆಯ ಮಂಚದ ಮೇಲೂ ಗೊತ್ತಿತ್ತು. ಬಿಸಿ ಬನ್ನು ಕೇಳಿಕೊಂಡು ಬಂದ ಪ್ರತಿ ಬೆಳಗ್ಗೆಯೂ ಗೊತ್ತಿತ್ತು.

"ಯಾಕೆ ಯಾರಿಗೂ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಊರು ಬಿಟ್ಟು ಹೋಗ್ತಿದ್ದೆ. ಒಲೆ ಹಿಂದೆ ಅಡಗಿದ್ರೂ ಪರವಾಗಿಲ್ಲ, ಊರಲ್ಲಿರ್ಲಿ ಅನ್ನಿಸ್ತು."

ಅವಳು ಅವನ ತೋಳು ಹಿಡಿದುಕೊಂಡಳು, ಎಡಗೈಯ ಕೊನೆಯ ಮೂರು ಬೆರಳುಗಳನ್ನೂ ಬಿಗಿಯಾಗಿ ಮುಚ್ಚಿ.

"ಎರಡನೇದು ಏನಂತ ಗೊತ್ತಾಗ್ಲಿಲ್ಲ," ಎಂದ ಅವನು. "ಉಸಿರು ಮಾತ್ರ ತಾಗ್ತು, ಚಿಕ್ಕ ಮಾತು. ಅದನ್ನ ಈ ಕಡೆ ಹೇಳು." ಟೋಪಿ ತೆಗೆದು ಬಲಗಿವಿಯನ್ನು ಅವಳತ್ತ ತಿರುಗಿಸಿದ.

ನಾಲ್ಕನೆಯ ಕುಳಿಗಿಂತ ಹೆಚ್ಚು ಹೆದರಿಕೆಯಾಯಿತು ಇಶ್ಬೆಲ್‌ಗೆ. ಗಂಟಲು ಕಟ್ಟಿತು, ಅದೇ ಹಳೆಯ ಕಡೆ. ಆದರೂ ಹೇಳಿದಳು, ಈ ಸಲ ಜೋರಾಗಿ. ಎಷ್ಟು ಜೋರಾಗಿ ಅಂದರೆ, ಗೇಟಿನೊಳಗೆ ಗಾಡಿ ಎಳೆದುಕೊಂಡು ಬರುತ್ತಿದ್ದ ಎಫೀ ಚಿಕ್ಕಮ್ಮ ಅಲ್ಲೇ ನಿಂತು, "ಕೇಳಿಸ್ತು ಬಿಡೇ, ಊರಿಗೆಲ್ಲ ಕೇಳಿಸ್ತು," ಎಂದಳು.